ಅರವತ್ತಕ್ಕೆ ಅರಳುಮರಳೇ?

ಊರಿನಿಂದ ಅಣ್ಣನೋ ಅತ್ತಿಗೆಯೋ ಫೋನು ಮಾಡಿ, "ಸಂತೆಗೆ ಹೋದ ಅಪ್ಪನಿಗೆ ಮನೆಯ ದಾರಿ ತಪ್ಪಿತು" ಎಂದರೆ, ದೂರದ ದಿಲ್ಲಿಯಲ್ಲಿರುವ ನಾವು "ಅರವತ್ತಕ್ಕೆ ಅರಳುಮರಳು" ಎಂದು ಸುಮ್ಮನಾಗುತ್ತೇವೆ. ಈ ಗಾದೆ ಪೂರ್ತಿ ನಿಜವಲ್ಲ. ನೆಂಟರ ಹೆಸರು ತಡವಾಗಿ ನೆನಪಾಗುವುದು ಮುಪ್ಪಿನ ಗುಣ. ನಿತ್ಯ ನಡೆದ ದಾರಿಯೇ ತಪ್ಪುವುದು ರೋಗವಿರಬಹುದು.

ಜರ್ಮನಿಯ ವೈದ್ಯ ಆಲ್ಝೈಮರ್ ಅವರು 1906ರಲ್ಲಿ ಇಂಥ ರೋಗಿಯೊಬ್ಬಳ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ತೀರಿಕೊಂಡಾಗ ಆಕೆಗೆ 55 ವರ್ಷ, ಅರವತ್ತೂ ಆಗಿರಲಿಲ್ಲ! ನರಕೋಶಗಳ ಹೊರಗೆ ಕಸದ ಗಡ್ಡೆ, ಒಳಗೆ ಸಿಕ್ಕಾದ ಎಳೆ ಕಂಡವು. ಕಸವು ಅಮಿಲಾಯ್ಡ್, ಎಳೆಯು ಟೌ ಎಂಬ ಪ್ರೋಟೀನೆಂದು ಮುಂದೆ ತಿಳಿಯಿತು. ಆದರೂ ಈ ರೋಗ ಹೆಚ್ಚಾಗಿ ಬರುವುದು 65 ದಾಟಿದ ಮೇಲೆಯೇ. ಏಕೆ?

ನೂಲಿನ ಗಿರಣಿಯಲ್ಲಿ ದುಡಿದವರಿಗೆ ಇದು ಬೇಗ ತಿಳಿದೀತು. ಯಂತ್ರಗಳ ನಡುವೆ ಬೀಳುವ ಹತ್ತಿಯ ಧೂಳನ್ನು ಗುಡಿಸುವವರಿಲ್ಲದಿದ್ದರೆ ಎರಡು ಪಾಳಿಯೊಳಗೆ ಕೆಲಸ ಕೆಡುತ್ತದೆ. ಮೆದುಳಿನಲ್ಲಿಯೂ ಮೈಕ್ರೋಗ್ಲಿಯಾ ಎಂಬ ಗುಡಿಸುವ ಕೋಶಗಳಿವೆ. ಮುಪ್ಪಡರಿದ ಕೆಲವು ಕೋಶಗಳು ಸಾಯುವುದೂ ಇಲ್ಲ, ಸರಿಯಾಗಿ ದುಡಿಯುವುದೂ ಇಲ್ಲ. ಉರಿಯೂತ ಹುಟ್ಟಿಸುವ ದ್ರವ್ಯಗಳನ್ನು ಸುತ್ತಲೂ ಸುರಿಸಿ ನೆರೆಯ ಒಳ್ಳೆಯ ಕೋಶಗಳನ್ನೂ ಕೆಡಿಸುತ್ತವೆ. 2018ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನವರು ಟೌ ದೋಷವಿದ್ದ ಇಲಿಗಳಲ್ಲಿ ಇಂಥ ಕೋಶಗಳನ್ನು ತೆಗೆಸಿದಾಗ ಸಿಕ್ಕು ಕಡಿಮೆಯಾಗಿ ನೆನಪು ಉಳಿಯಿತು. ಇದು ಇಲಿಯ ಮಾತು. ಮೆದುಳಿನ ಮುಪ್ಪು ಕಳೆಯುವ ಗುಳಿಗೆಯೆಂದು ಮಾರುವವರಿಗೆ ಸಂಬಳದ ಹಣ ಸುರಿಯಬೇಡಿ.

ಮುಪ್ಪೊಂದೇ ಕಾರಣವೆನ್ನುವಂತೆಯೂ ಇಲ್ಲ. ನಮ್ಮ ಪಕ್ಕದ ಬಲ್ಲಭಗಢದ ಹಳ್ಳಿಗಳಲ್ಲಿ ವಿಜಯ್ ಚಂದ್ರ, ಮೇರಿ ಗಂಗೂಲಿ ಮೊದಲಾದವರು 55 ದಾಟಿದ 5,126 ಜನರನ್ನು ವಿಚಾರಿಸಿದರು. ಮುಕ್ಕಾಲುಪಾಲು ಜನ ಅಕ್ಷರ ಬಾರದವರು. ಅವರಿಗೆಂದೇ ಹಿಂದಿಯಲ್ಲಿ ಬೇರೆ ಪ್ರಶ್ನಾವಳಿ ಮಾಡಿದ್ದರು. 1998ರ ಅವರ ವರದಿಯಂತೆ, 65 ದಾಟಿದವರಲ್ಲಿ ಈ ರೋಗವಿದ್ದವರು ನೂರಕ್ಕೆ ಒಬ್ಬರಷ್ಟು ಮಾತ್ರ. ರೋಗಕ್ಕೆ ಎಡೆಮಾಡುವ ಒಂದು ವಂಶವಾಹಿಯೂ ಅಮೆರಿಕದವರಿಗಿಂತ ಅಲ್ಲಿ ವಿರಳವೆಂದು ಆಮೇಲೆ ಕಂಡುಬಂತು. ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿಯೂ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು 45 ದಾಟಿದವರನ್ನು ವರ್ಷವರ್ಷವೂ ಪರೀಕ್ಷಿಸುವ ಕೆಲಸ ಕೈಗೊಂಡಿದ್ದಾರೆ.

ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಿವುಡು ಇವನ್ನು ಅಲಕ್ಷಿಸಿದರೆ ಅಪಾಯ ಹೆಚ್ಚು. ಥೈರಾಯ್ಡಿನ ಕೊರತೆ, ಬಿ-12 ಜೀವಸತ್ವದ ಕೊರತೆಯಿಂದಲೂ ಮರೆವು ಬರುವುದುಂಟು, ಅದಕ್ಕೆ ಚಿಕಿತ್ಸೆಯಿದೆ. ಆದುದರಿಂದ ಮೊದಲು ರಕ್ತಪರೀಕ್ಷೆ ಮಾಡಿಸಬೇಕು. ಊರಿನವರು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಇಲ್ಲಿಗೆ ಕರೆಸಿಕೊಂಡವರು ಏಮ್ಸ್‌ನ ನರರೋಗ ವಿಭಾಗದಲ್ಲಿ ತೋರಿಸಬಹುದು. ಮರೆವು ಯಾವಾಗ ಶುರುವಾಯಿತು, ಯಾವ ಗುಳಿಗೆ ನುಂಗುತ್ತಿದ್ದಾರೆ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು, ಮನೆಯಲ್ಲಿ ಜೊತೆಗಿರುವವರೇ ಕರೆದುಕೊಂಡು ಹೋಗಬೇಕು.