ಗಾಳಿಪಿಸ್ತೂಲಿನ ಗುರಿ

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಕಾಫಿ ಮಲೆಗಳಲ್ಲಿ ಕೋವಿಯನ್ನು ಕಾಣದೆ ಬೆಳೆದ ಮಕ್ಕಳು ವಿರಳ. ತೋಟದ ಮನೆಯ ಗೋಡೆಗೆ ಒರಗಿ ನಿಂತ ಒಂಟಿ ನಳಿಗೆಯ ಕೋವಿಯಾಗಲಿ, ಅಜ್ಜನ ಕಾಲದ ಕೇಪಿನ ಕೋವಿಯಾಗಲಿ ಅಲ್ಲಿ ಆಟದ ವಸ್ತುವಲ್ಲ; ಕತ್ತಿ, ಗುದ್ದಲಿಗಳಂತೆ ಅದೂ ಬೇಸಾಯದ ಒಂದು ಸಾಧನ. ಬಾಳೆಗೊನೆಗೆ ಬೀಳುವ ಮಂಗಗಳ ಹಿಂಡನ್ನೂ, ಗದ್ದೆಯನ್ನು ಉಳುವ ಕಾಡುಹಂದಿಯನ್ನೂ ಬೆದರಿಸಲು ಸರ್ಕಾರ ಬೆಳೆರಕ್ಷಣೆಯ ಪರವಾನಗಿ ನೀಡುತ್ತದೆ. ಚುನಾವಣೆ ಬಂದಾಗ ಅದನ್ನು ಪೊಲೀಸ್ ಠಾಣೆಯಲ್ಲಿ ಒಪ್ಪಿಸಿ ಬರಬೇಕೆಂಬ ಆಜ್ಞೆ ಹೊರಡುವುದೂ, ಬೆಳೆಗಾರರು ಗೊಣಗುವುದೂ ವಾಡಿಕೆಯಾಗಿದೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆಯೆಂಬುದು ಕತೆಗಳಲ್ಲಿ ಮಾತ್ರ ಉಳಿಯಬೇಕಾದ ಸಂಗತಿಯಾಯಿತು. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು ಕೆನೆತ್ ಆಂಡರ್ಸನ್ನರ ಬೇಟೆಯ ಅನುಭವಗಳನ್ನು ಕನ್ನಡಕ್ಕೆ ತಂದು ಅಂತಹ ಕತೆಗಳನ್ನು ನಮ್ಮ ಕೈಗಿತ್ತಿದ್ದಾರೆ.

ಆದರೆ ಬೇಟೆಗೂ ಬೆಳೆರಕ್ಷಣೆಗೂ ಸೇರದ ಇನ್ನೊಂದು ಗುರಿಗಾರಿಕೆಯುಂಟು. ಅದರಲ್ಲಿ ಸಿಡಿಮದ್ದಿಲ್ಲ, ಹೊಗೆಯಿಲ್ಲ, ಸಾಯುವ ಪ್ರಾಣಿಯಿಲ್ಲ. ಹತ್ತು ಮೀಟರ್ ದೂರದಲ್ಲಿ ಒಂದು ಕಾಗದದ ಚುಕ್ಕಿ. ಈಚೆ ಒಂದೇ ಕೈಯಲ್ಲಿ ಪಿಸ್ತೂಲು ಹಿಡಿದು ನಿಂತ ಒಬ್ಬ ಮನುಷ್ಯ. ಇದೇ ಗಾಳಿಪಿಸ್ತೂಲಿನ ಸ್ಪರ್ಧೆ. 1988ರ ಸೋಲ್ ಒಲಿಂಪಿಕ್ಸಿನಿಂದ ಇದು ಪುರುಷರಿಗೂ ಮಹಿಳೆಯರಿಗೂ ಒಲಿಂಪಿಕ್ ಕ್ರೀಡೆಯಾಗಿದೆ.

ಗುರಿಫಲಕದ ಅಳತೆಯನ್ನು ತಿಳಿದರೆ ಈ ಆಟದ ಕಷ್ಟ ಅರ್ಥವಾಗುತ್ತದೆ. ಫಲಕದ ಕೇಂದ್ರ ನೆಲದಿಂದ 1.4 ಮೀಟರ್ ಎತ್ತರದಲ್ಲಿರುತ್ತದೆ. ಒಂದರಿಂದ ಹತ್ತು ಅಂಕಗಳವರೆಗೆ ಒಂದರೊಳಗೊಂದು ವೃತ್ತಗಳು. ಏಳು ಅಂಕದಿಂದ ಒಳಗಿನ ಭಾಗವೆಲ್ಲ ಕಪ್ಪು. ಅದರ ವ್ಯಾಸ 59.5 ಮಿಲಿಮೀಟರ್. ಹತ್ತು ಅಂಕದ ವೃತ್ತದ ವ್ಯಾಸವಾದರೋ ಕೇವಲ 11.5 ಮಿಲಿಮೀಟರ್, ಕಾಫಿಯ ಒಂದು ಹಣ್ಣು ಅದನ್ನು ಮುಚ್ಚಿಬಿಡಬಲ್ಲದು. ಗುಂಡಿನ ಅಂಚು ವೃತ್ತದ ಗೆರೆಯನ್ನು ಸೋಕಿದರೂ ಹೆಚ್ಚಿನ ಅಂಕವೇ ದೊರೆಯುತ್ತದೆ. ಗುಂಡಿನ ವ್ಯಾಸ 4.5 ಮಿಲಿಮೀಟರ್ ಆದ್ದರಿಂದ, ಅದರ ನಡುಬಿಂದು ಫಲಕದ ಕೇಂದ್ರದಿಂದ 8 ಮಿಲಿಮೀಟರ್ ದೂರ ಹೋದರೂ ಹತ್ತು ಅಂಕ ಉಳಿಯುತ್ತದೆ. ಅಲ್ಲಿಂದಾಚೆಗೆ ಪ್ರತಿ 8 ಮಿಲಿಮೀಟರಿಗೆ ಒಂದು ಅಂಕ ಇಳಿಯುತ್ತದೆ.

ಈಗ ಉಪಕರಣವನ್ನು ನೋಡೋಣ. ಹಿಂದೆ ಬಿಗಿಯಾದ ಸುರುಳಿ ತಂತಿಯೊಂದು ಕೊಂತವನ್ನು ತಳ್ಳಿ ಗಾಳಿಯನ್ನು ಒತ್ತುವ ಪಿಸ್ತೂಲುಗಳು ಬಳಕೆಯಲ್ಲಿದ್ದವು. ಬಳಿಕ ಇಂಗಾಲದ ಡೈಆಕ್ಸೈಡ್ ಅನಿಲದವು ಬಂದವು. ಇಂದಿನ ಸ್ಪರ್ಧೆಗಳಲ್ಲಿ ಕಾಣುವುದು ನಳಿಗೆಯ ಕೆಳಗೆ ಒತ್ತಡದ ಗಾಳಿಯ ಸಿಲಿಂಡರ್ ಇರುವ ಪಿಸ್ತೂಲು. ಸ್ಟೈರ್, ಮೊರಿನಿ, ಫೈನ್‌ವೆರ್ಕ್‌ಬೌ, ವಾಲ್ಥರ್, ಪಾರ್ದಿನಿ ಮೊದಲಾದ ಯುರೋಪಿನ ಕಂಪನಿಗಳು ಇದರ ತಯಾರಿಕೆಗೆ ಹೆಸರಾದವು. ಸಿಲಿಂಡರಿನೊಳಗೆ ಸುಮಾರು 200 ಬಾರ್ ಒತ್ತಡದ ಗಾಳಿ ತುಂಬಿರುತ್ತದೆ. ಲಾರಿಯ ಚಕ್ರದಲ್ಲಿ ಏಳೆಂಟು ಬಾರ್ ಒತ್ತಡವಿರುವುದೆಂಬುದನ್ನು ನೆನೆದರೆ, ಆ ಪುಟ್ಟ ಕೊಳವೆಯಲ್ಲಿ ಎಂತಹ ಶಕ್ತಿ ಅಡಗಿದೆಯೆಂಬುದು ತಿಳಿಯುತ್ತದೆ. ಆದುದರಿಂದಲೇ ತಯಾರಕರು ಸಿಲಿಂಡರಿಗೆ ಹತ್ತು ವರ್ಷಗಳ ಆಯುಸ್ಸನ್ನು ಗೊತ್ತುಮಾಡಿದ್ದಾರೆ. ಅವಧಿ ಮೀರಿದುದನ್ನು ಬಳಸಬಾರದು.

ಕುದುರೆಯನ್ನು ಎಳೆದೊಡನೆ ಒಂದಿಷ್ಟು ಗಾಳಿ ಮಾತ್ರ ಹೊರನುಗ್ಗಿ ಸುಮಾರು ಅರ್ಧ ಗ್ರಾಂ ತೂಕದ ಸೀಸದ ಗುಂಡನ್ನು ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೊರಡಿಸುತ್ತದೆ. ಹತ್ತು ಮೀಟರ್ ದಾಟಲು ಅದಕ್ಕೆ ಬೇಕಾಗುವ ಕಾಲ ಸೆಕೆಂಡಿನ ಹದಿನೈದನೆಯ ಒಂದು ಭಾಗ. ಅಷ್ಟರಲ್ಲಿಯೇ ಭೂಮಿಯ ಸೆಳೆತ ಅದನ್ನು ಸುಮಾರು ಎರಡು ಸೆಂಟಿಮೀಟರ್ ಕೆಳಕ್ಕೆ ಎಳೆದಿರುತ್ತದೆ. ಈ ಲೆಕ್ಕವನ್ನು ನೀವು ಭೌತಶಾಸ್ತ್ರದ ಸೂತ್ರದಿಂದ ಮಾಡಿ ನೋಡಬಹುದು. ಗುರಿಕಟ್ಟುವ ಸಾಧನವನ್ನು ಮೊದಲೇ ತಿರುಪಿನಿಂದ ಹೊಂದಿಸಿ ಈ ಇಳಿತವನ್ನು ಸರಿದೂಗಿಸುತ್ತಾರೆ. ಗುಂಡಿನ ತಲೆ ಚಪ್ಪಟೆಯಾಗಿರುತ್ತದೆ. ಮೊನಚು ಗುಂಡು ಕಾಗದವನ್ನು ಹರಿಯುತ್ತದೆ, ಚಪ್ಪಟೆ ಗುಂಡು ಅಚ್ಚುಕಟ್ಟಾದ ತೂತನ್ನು ಕತ್ತರಿಸುತ್ತದೆ. ಸೀಸವು ವಿಷವಸ್ತು; ಗುಂಡು ಮುಟ್ಟಿದ ಕೈಯನ್ನು ತೊಳೆಯದೆ ಉಣ್ಣಬಾರದು. ಮಲೆನಾಡಿನ ಮಳೆಗಾಲದ ತೇವದಲ್ಲಿ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಗುಂಡಿನ ಮೇಲೆ ಬಿಳಿಯ ಪುಡಿ ಕಟ್ಟುತ್ತದೆ. ಹಿಡಿಯ ಮರವೂ ನೀರು ಕುಡಿದು ಉಬ್ಬುತ್ತದೆ. ಕಳಸದ ಹುಡುಗನಿಗೆ ಬಯಲುಸೀಮೆಯ ಹುಡುಗನಿಗಿಲ್ಲದ ಒಂದು ಚಾಕರಿ ಇದು.

ನಿಯಮದಂತೆ ಪಿಸ್ತೂಲಿನ ತೂಕ 1500 ಗ್ರಾಂ ಮೀರಬಾರದು. ಅದು 42 ಸೆಂ.ಮೀ. ಉದ್ದ, 20 ಸೆಂ.ಮೀ. ಎತ್ತರ, 5 ಸೆಂ.ಮೀ. ಅಗಲದ ಪೆಟ್ಟಿಗೆಯಲ್ಲಿ ಅಡಗಬೇಕು. ದುರ್ಬೀನು ಕೂಡದು. ಮರದ ಹಿಡಿಯನ್ನು ಗುರಿಕಾರನ ಅಂಗೈಗೆ ಒಪ್ಪುವಂತೆ ತಿದ್ದಬಹುದು, ಆದರೆ ಅದು ಮಣಿಕಟ್ಟಿಗೆ ಆಸರೆ ಕೊಡಬಾರದು. ಕುದುರೆಯ ಬಿಗಿಯನ್ನು ಪರೀಕ್ಷಿಸುವ ಕ್ರಮವಂತೂ ಬಲು ಸರಳ: ಕುದುರೆಗೆ 500 ಗ್ರಾಂ ತೂಕವನ್ನು ತೂಗುಬಿಟ್ಟು ಪಿಸ್ತೂಲನ್ನು ಮೇಲೆತ್ತುತ್ತಾರೆ, ಕುದುರೆ ಕಳಚಿಕೊಳ್ಳದೆ ಆ ತೂಕವನ್ನು ಎತ್ತಬೇಕು. ಅರ್ಧ ಕಿಲೋ ಕಾಫಿಪುಡಿಯ ಪೊಟ್ಟಣವನ್ನು ತೋರುಬೆರಳಿನಲ್ಲಿ ತೂಗಿದರೆ ಆಗುವ ಭಾರ ಅದು.

ಇಷ್ಟು ಉಪಕರಣದ ಮಾತಾಯಿತು. ಹಣವಿದ್ದವರು ಇದನ್ನು ಕೊಳ್ಳಬಹುದು; ಒಳ್ಳೆಯ ಪಿಸ್ತೂಲಿಗೆ ಲಕ್ಷ ರೂಪಾಯಿಗೂ ಮಿಕ್ಕ ಬೆಲೆಯುಂಟು. ಕಲಿಯುವವರು ಸಂಘದ ಪಿಸ್ತೂಲಿನಲ್ಲಿಯೇ ಕಲಿಯುವುದು ಲೇಸು. ಹಣಕ್ಕೆ ದೊರೆಯದಿರುವುದು ಮುಂದಿನ ವಿಷಯ.

ಪಿಸ್ತೂಲಿನ ತುದಿಯಲ್ಲಿ ನೆಟ್ಟಗೆ ನಿಂತ ಒಂದು ಚೌಕ ಕಡ್ಡಿಯಿರುತ್ತದೆ. ಅದನ್ನು ಗುರಿಕಡ್ಡಿ ಎನ್ನೋಣ. ಹಿಂಬದಿಯಲ್ಲಿ ಒಂದು ಚೌಕ ಕಚ್ಚು ಇರುತ್ತದೆ, ಅದು ಗುರಿಗಂಡಿ. ಗಂಡಿಯ ನಡುವೆ ಕಡ್ಡಿ ಕಾಣಬೇಕು, ಎರಡರ ತಲೆಯೂ ಒಂದೇ ಮಟ್ಟದಲ್ಲಿರಬೇಕು, ಕಡ್ಡಿಯ ಇಕ್ಕೆಲಗಳಲ್ಲಿ ಸಮನಾದ ಬೆಳಕು ತೋರಬೇಕು. ಅವುಗಳ ನಡುವಣ ಅಂತರ ಸುಮಾರು 32 ಸೆಂಟಿಮೀಟರ್. ಫಲಕದ ದೂರ ಇದರ ಸುಮಾರು ಮೂವತ್ತು ಪಟ್ಟು. ಆದ್ದರಿಂದ ಸಮರೂಪ ತ್ರಿಭುಜಗಳ ನಿಯಮದಂತೆ, ಗುರಿಕಡ್ಡಿ ಗಂಡಿಯೊಳಗೆ ಒಂದೇ ಒಂದು ಮಿಲಿಮೀಟರ್ ಓರೆಯಾದರೆ ಗುಂಡು ಫಲಕದಲ್ಲಿ ಸುಮಾರು 30 ಮಿಲಿಮೀಟರ್ ಪಕ್ಕಕ್ಕೆ ಬೀಳುತ್ತದೆ; ಹತ್ತು ಅಂಕ ಏಳಾಗುತ್ತದೆ. ಅದೇ, ತೋಳು ಇಡಿಯಾಗಿ ಐದು ಮಿಲಿಮೀಟರ್ ಪಕ್ಕಕ್ಕೆ ಸರಿದು, ಕಡ್ಡಿ ಗಂಡಿಗಳ ಹೊಂದಿಕೆ ಕೆಡದೆ ಪಿಸ್ತೂಲಿನ ದಿಕ್ಕು ಹಾಗೆಯೇ ಉಳಿದಿದ್ದರೆ ಗುಂಡೂ ಐದೇ ಮಿಲಿಮೀಟರ್ ಸರಿಯುತ್ತದೆ. ಹತ್ತು ಅಂಕ ಹತ್ತಾಗಿಯೇ ಉಳಿಯುತ್ತದೆ. ಹೊಸಬರು ತೋಳಿನ ಅಲುಗಾಟಕ್ಕೆ ಅಂಜುತ್ತಾರೆ. ಅಂಜಬೇಕಾದುದು ಮಣಿಕಟ್ಟಿನ ಓರೆಗೆ.

ಇಲ್ಲಿ ಒಂದು ಸ್ವಾರಸ್ಯವಿದೆ. ದ್ರೋಣರು ಮರದ ಮೇಲಿಟ್ಟ ಹಕ್ಕಿಗೆ ಗುರಿಯಿಡಲು ಹೇಳಿದಾಗ ಅರ್ಜುನನಿಗೆ ಮರವೂ ಕಾಣಲಿಲ್ಲ, ಕೊಂಬೆಯೂ ಕಾಣಲಿಲ್ಲ. ಹಕ್ಕಿಯೊಂದೇ ಕಂಡಿತೆಂಬ ಕತೆಯನ್ನು ನಾವೆಲ್ಲ ಕೇಳಿದ್ದೇವೆ. ಪಿಸ್ತೂಲಿನ ಗುರಿಕಾರ ಅರ್ಜುನನ ಈ ಪಾಠವನ್ನು ಮರೆಯಬೇಕು. ಮನುಷ್ಯನ ಕಣ್ಣು ಹತ್ತಿರದ ಕಡ್ಡಿಯನ್ನೂ ದೂರದ ಚುಕ್ಕಿಯನ್ನೂ ಒಮ್ಮೆಲೇ ಸ್ಪಷ್ಟವಾಗಿ ನೋಡಲಾರದು. ಚುಕ್ಕಿಯನ್ನು ದಿಟ್ಟಿಸಿದರೆ ಕಡ್ಡಿ ಮಸುಕಾಗುತ್ತದೆ, ಓರೆ ಅರಿವಿಗೆ ಬಾರದು. ಆದುದರಿಂದ ದೃಷ್ಟಿಯನ್ನು ಗುರಿಕಡ್ಡಿಯ ಮೇಲೆಯೇ ನಿಲ್ಲಿಸಬೇಕು. ಫಲಕದ ಕಪ್ಪು ಮಂಜಿನೊಳಗಿನ ಗುಡ್ಡದಂತೆ ಮಸುಕಾಗಿಯೇ ತೋರಲಿ. ಕಪ್ಪು ಕಡ್ಡಿ ಕಪ್ಪು ಚುಕ್ಕಿಯಲ್ಲಿ ಕರಗಿಹೋಗುವುದರಿಂದ, ಗುರಿಯನ್ನು ಚುಕ್ಕಿಯ ನಡುವೆ ಕಟ್ಟದೆ ಅದರ ಕೆಳಗಿನ ಬಿಳಿಯ ಭಾಗದಲ್ಲಿ ಕಟ್ಟುತ್ತಾರೆ. ಗುಂಡು ಅಷ್ಟು ಮೇಲಕ್ಕೆ ಬೀಳುವಂತೆ ಗುರಿಗಂಡಿಯನ್ನು ಏರಿಸಿಟ್ಟಿರುತ್ತಾರೆ.

ನಿಲುವಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಪಾದಗಳ ನಡುವೆ ಭುಜದಷ್ಟು ಅಂತರ, ಮೈ ಫಲಕಕ್ಕೆ ಓರೆ, ಬಿಡುವಾದ ಕೈ ಜೇಬಿನಲ್ಲಿ ಅಥವಾ ಸೊಂಟಪಟ್ಟಿಯಲ್ಲಿ. ಕಣ್ಣು ಮುಚ್ಚಿ ತೋಳೆತ್ತಿ, ಆಮೇಲೆ ಕಣ್ಣು ತೆರೆದು ನೋಡಬೇಕು. ಪಿಸ್ತೂಲು ಫಲಕದ ಎಡಕ್ಕೋ ಬಲಕ್ಕೋ ಇದ್ದರೆ ತೋಳನ್ನು ತಿರುಗಿಸಬಾರದು. ಹಿಂದಿನ ಪಾದವನ್ನು ಸರಿಸಿ ಇಡೀ ಮೈಯನ್ನು ತಿರುಗಿಸಬೇಕು. ಬಲವಂತದಿಂದ ತಿರುಗಿಸಿದ ತೋಳು ದಣಿದಾಗ ತನ್ನ ಮೊದಲಿನ ಜಾಗಕ್ಕೇ ಮರಳುತ್ತದೆ.

ಕುದುರೆಯನ್ನು ಎಳೆಯುವುದೇ ಈ ವಿದ್ಯೆಯ ತಿರುಳು. ತೋಳು ಮೇಲೇರಿ, ಉಸಿರು ಅರ್ಧ ಹೊರಬಿದ್ದು ನಿಂತ ಹೊತ್ತಿನಲ್ಲಿ, ಬೆರಳು ನೇರವಾಗಿ ಹಿಂದಕ್ಕೆ ಒತ್ತಡವನ್ನು ಹೆಚ್ಚಿಸುತ್ತ ಹೋಗಬೇಕು. ಗುರಿಕಡ್ಡಿ ಸರಿಯಾದ ಜಾಗಕ್ಕೆ ಬಂದ ಕ್ಷಣವನ್ನು ಹಿಡಿಯಲು ಬೆರಳು ತಟ್ಟನೆ ಜಗ್ಗಿದರೆ ಮಣಿಕಟ್ಟೂ ಜಗ್ಗುತ್ತದೆ. ಆ ಕಾಲು ಮಿಲಿಮೀಟರಿನ ಓರೆ ಏನು ಮಾಡುವುದೆಂಬುದನ್ನು ಆಗಲೇ ಲೆಕ್ಕ ಹಾಕಿದ್ದೇವೆ. ಗುಂಡು ಹಾರಿದ ಮೇಲೂ ಒಂದೆರಡು ಸೆಕೆಂಡು ಕಡ್ಡಿಯನ್ನು ನೋಡುತ್ತಲೇ ನಿಲ್ಲಬೇಕು.

ಎಂಟು ಹತ್ತು ಸೆಕೆಂಡುಗಳೊಳಗೆ ಗುಂಡು ಹೊರಡದಿದ್ದರೆ ತೋಳು ನಡುಗಲಾರಂಭಿಸುತ್ತದೆ, ಕಣ್ಣು ಮಂಕಾಗುತ್ತದೆ. ಆಗ ಪಿಸ್ತೂಲನ್ನು ಇಳಿಸಿ, ಉಸಿರಾಡಿ, ಹೊಸದಾಗಿ ಎತ್ತಬೇಕು. ಅರ್ಹತಾ ಸುತ್ತಿನಲ್ಲಿ 60 ಗುಂಡುಗಳಿಗೆ 75 ನಿಮಿಷಗಳ ಕಾಲವಿದೆ. ಗುಂಡೊಂದಕ್ಕೆ ಸರಾಸರಿ 75 ಸೆಕೆಂಡು. ಇಳಿಸಲು ಸಮಯ ಧಾರಾಳವಾಗಿದೆ. ಆದರೂ ಇಳಿಸಲು ಮನಸ್ಸು ಒಪ್ಪುವುದಿಲ್ಲ. ಇಷ್ಟು ಹೊತ್ತು ಗುರಿಯಿಟ್ಟಾಯಿತು, ಹೊಡೆದೇಬಿಡೋಣ ಎನ್ನುತ್ತದೆ. ನನ್ನ ದೃಷ್ಟಿಯಲ್ಲಿ, ಹೊಡೆಯದೆ ಇಳಿಸಲು ಕಲಿಯುವುದು ಹೊಡೆಯಲು ಕಲಿಯುವುದಕ್ಕಿಂತ ದೊಡ್ಡದು. ಪೊದೆ ಅಲುಗಿದ್ದನ್ನು ಕಂಡು ಹಂದಿಯೆಂದು ಬಗೆದು ಹಾರಿಸಿದ ಈಡು ಮನುಷ್ಯನನ್ನು ಬಲಿಗೊಂಡ ದುರಂತಗಳನ್ನು ನಮ್ಮ ಮಲೆನಾಡು ಕಂಡಿದೆ. ಆ ಬೆರಳಿಗೆ ಕಾಯುವ ಅಭ್ಯಾಸವಿರಲಿಲ್ಲ.

ಅದಕ್ಕಾಗಿಯೇ ಗುರಿ ಅಭ್ಯಾಸದ ಅಂಗಳದಲ್ಲಿ ಕೆಲವು ಕಟ್ಟಳೆಗಳಿವೆ. ನಳಿಗೆಯ ಬಾಯಿ ಸದಾ ಫಲಕದ ಕಡೆಗೇ ಇರಬೇಕು. ಗುಂಡು ತುಂಬದ ವೇಳೆಯಲ್ಲಿ ನಳಿಗೆಯೊಳಗೆ ಬಣ್ಣದ ದಾರವೊಂದನ್ನು ತೂರಿಸಿ, ಅದು ಬರಿದಾಗಿದೆಯೆಂಬುದನ್ನು ಎಲ್ಲರಿಗೂ ತೋರಿಸಬೇಕು. ಗುರಿಯಿಡುವ ಗಳಿಗೆಯವರೆಗೆ ಬೆರಳು ಕುದುರೆಯ ಹೊರಗಿರಬೇಕು. 4.5 ಮಿಲಿಮೀಟರ್ ನಳಿಗೆಯ, 20 ಜೌಲ್ ಮೀರದ ಗಾಳಿ ಆಯುಧಕ್ಕೆ ನಮ್ಮ 2016ರ ಆಯುಧ ನಿಯಮಗಳಂತೆ ಪರವಾನಗಿ ಬೇಕಿಲ್ಲ. ಆದರೆ ಅದು ಕಣ್ಣೊಂದನ್ನು ಕಳೆಯಬಲ್ಲದು. ಹಕ್ಕಿಗೂ ಅಳಿಲಿಗೂ ಅದನ್ನು ತಿರುಗಿಸುವವನು ಗುರಿಕಾರನಲ್ಲ.

ಕರ್ನಾಟಕದಲ್ಲಿ ಈ ವಿದ್ಯೆಯನ್ನು ಸಾಧಿಸಿದವರಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ ಪ್ರಮುಖರು. ಅವರ ತಂದೆಯೂ ಗುರಿಕಾರರು. ಮಗ ಎಂಜಿನಿಯರಾಗಿ ಕೆನಡಾದಲ್ಲಿ ಕೆಲಸಮಾಡಿ, ತಾಯ್ನಾಡಿಗೆ ಮರಳಿ ಪಿಸ್ತೂಲನ್ನು ಕೈಗೆತ್ತಿಕೊಂಡರು. 2013ರಲ್ಲಿ ಕೊರಿಯಾದ ಚಾಂಗ್‌ವಾನ್ ವಿಶ್ವಕಪ್ಪಿನಲ್ಲಿ ಕಂಚಿನ ಪದಕ ಗಳಿಸಿದರು. ಅದೇ ವರ್ಷ ಸ್ಪೇನಿನ ಗ್ರನಾಡಾದಲ್ಲಿ ಅವರ ಮುಖದ ಒಂದು ಪಾರ್ಶ್ವ ಲಕ್ವ ಹೊಡೆದು ನಿಶ್ಚೇಷ್ಟಿತವಾಯಿತು. ಆ ವ್ಯಾಧಿಯಲ್ಲಿ ರೆಪ್ಪೆಯೂ ಮುಚ್ಚಲಾರದು. ಕಣ್ಣನ್ನೇ ನಂಬಿದ ಗುರಿಕಾರನಿಗೆ ಇದಕ್ಕಿಂತ ಕ್ರೂರವಾದ ಪೆಟ್ಟು ಯಾವುದು? ಅವರು ಚೇತರಿಸಿಕೊಂಡು, 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದ ಗಾಳಿಪಿಸ್ತೂಲಿನಲ್ಲಿ 198.2 ಅಂಕಗಳೊಡನೆ ಬೆಳ್ಳಿಯ ಪದಕ ಪಡೆದರು. ಚಿನ್ನ ಗೆದ್ದ ಆಸ್ಟ್ರೇಲಿಯದ ಡೇನಿಯಲ್ ರೆಪಾಕೋಲಿಯ ಅಂಕ 199.5. ಅಂತಿಮ ಸುತ್ತಿನಲ್ಲಿ ಅಂಕವನ್ನು ದಶಾಂಶದಲ್ಲಿ ಎಣಿಸುತ್ತಾರೆ. ಅತ್ಯುತ್ತಮ ಗುಂಡಿಗೆ 10.9. ದಶಾಂಶದ ಒಂದೊಂದು ಮೆಟ್ಟಿಲೂ 0.8 ಮಿಲಿಮೀಟರ್. ಹಾಗಾದರೆ 1.3 ಅಂಕಗಳ ಅಂತರವನ್ನು 20 ಗುಂಡುಗಳಿಗೆ ಹಂಚಿದರೆ, ಗುಂಡೊಂದಕ್ಕೆ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಚಿನ್ನಕ್ಕೂ ಬೆಳ್ಳಿಗೂ ಇದ್ದ ದೂರ ಅಷ್ಟು.

ಉಪಕರಣವೂ ಕೆಲವೊಮ್ಮೆ ಕೈಕೊಡುತ್ತದೆ. 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನ ಅರ್ಹತಾ ಸುತ್ತಿನ ನಡುವೆ ಹರಿಯಾಣದ ಮನು ಭಾಕರ್ ಅವರ ಪಿಸ್ತೂಲಿನ ಸನ್ನೆಯೊಂದು ಮುರಿಯಿತು. ದುರಸ್ತಿಯಲ್ಲಿ ಅಮೂಲ್ಯವಾದ ನಿಮಿಷಗಳು ಕಳೆದುಹೋದವು. ಅವರು 575 ಅಂಕ ಗಳಿಸಿ, ಎರಡೇ ಅಂಕಗಳ ಕೊರತೆಯಿಂದ ಹೊರಗುಳಿದರು. ಮೂರು ವರ್ಷಗಳ ಅನಂತರ ಪ್ಯಾರಿಸಿನಲ್ಲಿ ಅದೇ ಸ್ಪರ್ಧೆಯಲ್ಲಿ ಕಂಚನ್ನು ಪಡೆದರು. ಅಲ್ಲಿಯೂ ಬೆಳ್ಳಿಯ ಸ್ಪರ್ಧೆಯಿಂದ ಅವರನ್ನು ಹೊರಗಿಟ್ಟದ್ದು 0.1 ಅಂಕ. ಬೆಂಗಳೂರಿನ ದಿವ್ಯಾ ಟಿ. ಎಸ್. ಅವರು 2023ರಲ್ಲಿ ಸರಬ್ಜೋತ್ ಸಿಂಗರ ಜೊತೆಗೂಡಿ ಬಾಕು ವಿಶ್ವಕಪ್ಪಿನ ಮಿಶ್ರ ಜೋಡಿ ಸ್ಪರ್ಧೆಯಲ್ಲಿ ಚಿನ್ನವನ್ನೂ, ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿಯನ್ನೂ ಗೆದ್ದರು.

ಮುಂಗಾರು ಹಿಡಿದರೆ ಹೊರಗಿನ ಆಟಗಳೆಲ್ಲ ನಿಂತುಹೋಗುವ ನಮ್ಮ ಮಲೆಸೀಮೆಗೆ ಈ ಕ್ರೀಡೆ ಬಹಳ ಒಗ್ಗುವಂಥದು. ಇದಕ್ಕೆ ಬೇಕಾದುದು ಸೂರಿನಡಿಯ ಹತ್ತು ಹನ್ನೆರಡು ಮೀಟರ್ ಉದ್ದದ ಜಾಗ, ಸ್ಥಿರವಾದ ಬೆಳಕು, ಗುಂಡನ್ನು ತಡೆಯುವ ಹಿಂಗೋಡೆ, ಬಲ್ಲವರೊಬ್ಬರ ಮೇಲ್ವಿಚಾರಣೆ. ಕಾಫಿ ಮೂಟೆಗಳು ಮಾರಾಟವಾಗಿ ಹೋದ ಮೇಲೆ ಎಷ್ಟೋ ಗೋದಾಮುಗಳು ಮಳೆಗಾಲವಿಡೀ ಬರಿದಾಗಿರುತ್ತವೆ. ಇನ್ನು, ಅಭ್ಯಾಸದ ಬಹುಭಾಗಕ್ಕೆ ಗುಂಡೇ ಬೇಕಿಲ್ಲ. ದೊಡ್ಡ ಗುರಿಕಾರರೂ ಬರಿದಾದ ಪಿಸ್ತೂಲನ್ನು ಖಾಲಿ ಬಿಳಿಗೋಡೆಯತ್ತ ಎತ್ತಿ, ಗುರಿಕಡ್ಡಿಯನ್ನೇ ನೋಡುತ್ತ ಕುದುರೆ ಎಳೆಯುವುದನ್ನು ದಿನವೂ ಗಂಟೆಗಟ್ಟಲೆ ಮಾಡುತ್ತಾರೆ. ಗೋಡೆಯ ಮೇಲೆ ಚುಕ್ಕಿಯಿಲ್ಲದಿರುವುದರಿಂದ ಕಣ್ಣು ಕಡ್ಡಿಯನ್ನು ಬಿಟ್ಟು ಓಡುವುದಿಲ್ಲ. ಕುದುರೆ ಕಳಚಿದ ಕ್ಷಣದಲ್ಲಿ ಕಡ್ಡಿ ಅಲುಗಿತೆ ಇಲ್ಲವೆ ಎಂಬುದು ಗುರಿಕಾರನೊಬ್ಬನಿಗೇ ಕಾಣುತ್ತದೆ.