ಗೌರವ ಗುರುಗಳ ಕೈಯಲ್ಲಿ, ಅಧಿಕಾರ ಸಹಪಾಠಿಗಳ ಮತದಲ್ಲಿ

ಅಮೆರಿಕದಲ್ಲಿ ಸಾಮಾನ್ಯವಾಗಿ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ನಾಲ್ಕು ವರ್ಷಗಳ ವ್ಯಾಸಂಗಕ್ಕೆ ಹೈಸ್ಕೂಲು ಎಂದು ಹೆಸರು. ಅಲ್ಲಿ ಪಾಠ, ಪರೀಕ್ಷೆ, ಕ್ರೀಡೆಗಳಷ್ಟೇ ಮಹತ್ವ ಪಡೆದಿರುವ ಎರಡು ವ್ಯವಸ್ಥೆಗಳಿವೆ. ಒಂದು, ಆನರ್ ಸೊಸೈಟಿ ಅರ್ಥಾತ್ ಗೌರವ ಸಂಘ. ಇನ್ನೊಂದು, ಸ್ಟೂಡೆಂಟ್ ಕೌನ್ಸಿಲ್ ಅಥವಾ ವಿದ್ಯಾರ್ಥಿ ಸರಕಾರ. ಕಾಲೇಜು ಪ್ರವೇಶದ ಅರ್ಜಿಯಲ್ಲಿ ಇವೆರಡೂ ಅಕ್ಕಪಕ್ಕದಲ್ಲೇ ಕಾಣಿಸಿಕೊಳ್ಳುವುದರಿಂದ, ಇವು ಒಂದೇ ಬಗೆಯ ಮನ್ನಣೆಗಳೆಂದು ಅಲ್ಲಿ ಹೊಸದಾಗಿ ನೆಲೆಸಿದ ಕನ್ನಡಿಗ ಪಾಲಕರಿಗೆ ತೋರಿದರೆ ಆಶ್ಚರ್ಯವಿಲ್ಲ. ವಾಸ್ತವದಲ್ಲಿ ಗೌರವ ಸಂಘಕ್ಕೆ ಆಯ್ಕೆ ಮಾಡುವವರು ಶಿಕ್ಷಕರು. ವಿದ್ಯಾರ್ಥಿ ಸರಕಾರವನ್ನು ಆರಿಸುವವರು ಸಹಪಾಠಿಗಳು. ಈ ಎರಡೂ ಆಯ್ಕೆಗಳ ಸುತ್ತ ಎದ್ದ ವಿವಾದಗಳು ನ್ಯಾಯಾಲಯದ ಮೆಟ್ಟಿಲನ್ನೂ ಏರಿವೆ.

ನಾಲ್ಕು ಕಂಬಗಳು

ಇಂಥ ಸಂಘಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ನ್ಯಾಷನಲ್ ಆನರ್ ಸೊಸೈಟಿ. ಪ್ರೌಢಶಾಲಾ ಪ್ರಾಂಶುಪಾಲರ ರಾಷ್ಟ್ರೀಯ ಸಂಘಟನೆಯು 1921ರಲ್ಲಿ ಇದನ್ನು ಸ್ಥಾಪಿಸಿತು. ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್ ನಗರದ ಪ್ರಾಂಶುಪಾಲ ಎಡ್ವರ್ಡ್ ರೈನಿಯರ್‌ಸನ್ ಇದರ ರೂವಾರಿಗಳಲ್ಲಿ ಪ್ರಮುಖರು. ಕಿರಿಯ ತರಗತಿಗಳ ಮಕ್ಕಳಿಗಾಗಿ 1929ರಲ್ಲಿ ಜೂನಿಯರ್ ಶಾಖೆಯೂ ಹುಟ್ಟಿಕೊಂಡಿತು. ವಿಷಯವಾರು ಸಂಘಗಳೂ ಇವೆ. ಗಣಿತಕ್ಕೆ ಮೀಸಲಾದ ಮ್ಯೂ ಆಲ್ಫಾ ಥೀಟಾ 1957ರಲ್ಲಿ ಒಕ್ಲಹೋಮದಲ್ಲಿ ಆರಂಭವಾಯಿತು.

ನ್ಯಾಷನಲ್ ಆನರ್ ಸೊಸೈಟಿಯ ಸದಸ್ಯತ್ವ ನಾಲ್ಕು ಕಂಬಗಳ ಮೇಲೆ ನಿಂತಿದೆ: ವಿದ್ವತ್ತು, ಸೇವೆ, ನಾಯಕತ್ವ ಮತ್ತು ಶೀಲ. ಮೊದಲನೆಯದನ್ನು ಅಳೆಯುವುದು ಸುಲಭ. ನಾಲ್ಕು ಅಂಕಗಳ ಮಾಪನದಲ್ಲಿ ಕನಿಷ್ಠ 3.0 ಸರಾಸರಿ ಬೇಕು. ಶಾಲೆಗಳು ಇದಕ್ಕಿಂತ ಹೆಚ್ಚಿನ ಮಿತಿಯನ್ನು ಗೊತ್ತುಪಡಿಸಿಕೊಳ್ಳಬಹುದು. ಉಳಿದ ಮೂರು ಗುಣಗಳನ್ನು ಪರಿಶೀಲಿಸಲು ಪ್ರಾಂಶುಪಾಲರು ಐವರು ಶಿಕ್ಷಕರ ಮಂಡಳಿಯೊಂದನ್ನು ನೇಮಿಸುತ್ತಾರೆ. ಬಹುಮತದಿಂದ ನಿರ್ಧಾರವಾಗುತ್ತದೆ. ಆದ್ದರಿಂದ ಅಂಕಪಟ್ಟಿ ಈ ಸಂಘದ ಹೊಸ್ತಿಲವರೆಗೆ ಮಾತ್ರ ಕರೆದೊಯ್ಯುತ್ತದೆ. ತರಗತಿಗೇ ಮೊದಲಿಗನಾದ ವಿದ್ಯಾರ್ಥಿಯೂ ಆಯ್ಕೆಯಾಗದೆ ಉಳಿಯುವುದು ಸಾಧ್ಯ.

ಶೀಲದ ಅಳತೆಗೋಲು

ಕಲಹ ಹುಟ್ಟುವುದು ನಾಲ್ಕನೆಯ ಕಂಬದ ಬುಡದಲ್ಲಿ. ಕನ್ನಡದಲ್ಲಿ ‘ಶೀಲ’ ಎಂಬ ಮಾತು ಹೆಣ್ಣಿನ ವಿಷಯಕ್ಕೆ ಬಂದಾಗ ಬೇರೆಯೇ ಅರ್ಥ ಪಡೆಯುತ್ತದೆ. ಅಮೆರಿಕದ ಶಾಲೆಗಳಲ್ಲಿಯೂ ಇಂಥದೇ ನಡೆದಿದೆ.

1983ರಲ್ಲಿ ಪೆನ್ಸಿಲ್ವೇನಿಯಾದ ಮೇರಿಯನ್ ಸೆಂಟರ್ ಎಂಬ ಊರಿನ ಶಾಲೆಯೊಂದು ಗರ್ಭಿಣಿಯಾಗಿದ್ದ ವಿದ್ಯಾರ್ಥಿನಿಯನ್ನು ಸಂಘದಿಂದ ಹೊರಹಾಕಿತು. ಮೊಕದ್ದಮೆಯು 1990ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯವನ್ನು ತಲುಪಿತು. ವಜಾಕ್ಕೆ ಕಾರಣ ಗರ್ಭವಲ್ಲ, ವಿವಾಹಪೂರ್ವ ಸಂಬಂಧ ಎಂಬ ಶಾಲೆಯ ವಾದವನ್ನು ನ್ಯಾಯಾಲಯ ಬಹುಮಟ್ಟಿಗೆ ಒಪ್ಪಿತು. ಆದರೆ ಅಂಥದೇ ಸಂಬಂಧ ಹೊಂದಿದ್ದ ಹುಡುಗನೊಬ್ಬ ಸದಸ್ಯನಾಗಿಯೇ ಉಳಿದಿದ್ದನೆಂಬ ಸಾಕ್ಷ್ಯವನ್ನು ಪರಿಗಣಿಸುವಂತೆ ಕೆಳ ನ್ಯಾಯಾಲಯಕ್ಕೆ ಸೂಚಿಸಿತು.

1998ರಲ್ಲಿ ಕೆಂಟಕಿ ರಾಜ್ಯದ ಗ್ರಾಂಟ್ ಕೌಂಟಿಯಲ್ಲಿ ಇದೇ ಪ್ರಶ್ನೆ ಮತ್ತೆ ಎದ್ದಿತು. ಅಂಕಗಳಲ್ಲಿ ಅರ್ಹರಾಗಿದ್ದ ಇಬ್ಬರು ವಿದ್ಯಾರ್ಥಿನಿಯರಿಗೆ, ಅವಿವಾಹಿತ ತಾಯ್ತನದ ಕಾರಣದಿಂದ ಸದಸ್ಯತ್ವ ದೊರೆಯಲಿಲ್ಲ. ಉಳಿದ ವಿದ್ಯಾರ್ಥಿಗಳ ಖಾಸಗಿ ನಡತೆಯನ್ನು ಯಾರೂ ವಿಚಾರಿಸಿರಲಿಲ್ಲ. ಹುಡುಗನ ನಡತೆ ಮರೆಯಲ್ಲೇ ಉಳಿಯಬಲ್ಲುದು. ಹುಡುಗಿಯ ಗರ್ಭ ಮರೆಯಾಗದು. ಶಿಕ್ಷಣದಲ್ಲಿ ಲಿಂಗತಾರತಮ್ಯವನ್ನು ನಿಷೇಧಿಸುವ 1972ರ ಟೈಟಲ್ ನೈನ್ ಕಾನೂನಿನ ಹಿನ್ನೆಲೆಯಲ್ಲಿ, ಇಬ್ಬರನ್ನೂ ಸೇರಿಸಿಕೊಳ್ಳುವಂತೆ ಫೆಡರಲ್ ನ್ಯಾಯಾಲಯ ಮಧ್ಯಂತರ ಆದೇಶ ನೀಡಿತು.

ಚುನಾವಣೆ ಉಂಟು, ಬೇಲಿಯೂ ಉಂಟು

ವಿದ್ಯಾರ್ಥಿ ಸರಕಾರದ ದಾರಿ ಬೇರೆ. ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಮತ್ತು ತರಗತಿವಾರು ಪ್ರತಿನಿಧಿಗಳನ್ನು ವಿದ್ಯಾರ್ಥಿಗಳೇ ಚುನಾಯಿಸುತ್ತಾರೆ. ಭಿತ್ತಿಪತ್ರ, ಭಾಷಣ, ಗುಪ್ತ ಮತದಾನ ಎಲ್ಲವೂ ಇರುತ್ತವೆ. ಶಾಲಾ ಉತ್ಸವ, ನೃತ್ಯಕೂಟ, ಬಡವರಿಗೆ ಆಹಾರ ಸಂಗ್ರಹ ಮುಂತಾದವು ಗೆದ್ದವರ ಹೊಣೆ. ಶಿಕ್ಷಕರ ನೇಮಕ, ಪಠ್ಯಕ್ರಮ, ಶಾಲೆಯ ಮುಖ್ಯ ಆಯವ್ಯಯ ಇವರ ಕೈಗೆ ಬರುವುದಿಲ್ಲ. ಸಲಹೆಗಾರ ಶಿಕ್ಷಕರೊಬ್ಬರು ಜೊತೆಗಿರುತ್ತಾರೆ. ಕೊನೆಯ ಮಾತು ಪ್ರಾಂಶುಪಾಲರದು. ಇದಕ್ಕಿಂತ ಮುಂದೆ ಹೋದ ಕಡೆಗಳೂ ಇವೆ. ಮೇರಿಲ್ಯಾಂಡ್ ರಾಜ್ಯದ ಆನ್ ಅರುಂಡೆಲ್ ಕೌಂಟಿಯ ಶಿಕ್ಷಣ ಮಂಡಳಿಯಲ್ಲಿ ವಿದ್ಯಾರ್ಥಿ ಸದಸ್ಯರಿಗೆ ಪೂರ್ಣ ಮತಾಧಿಕಾರವಿದೆ.

ಬೇಲಿ ಎಲ್ಲಿದೆ ಎಂಬುದನ್ನು ತೋರಿಸಿದ್ದು ವಾಷಿಂಗ್ಟನ್ ರಾಜ್ಯದ ಬೆಥೆಲ್ ಹೈಸ್ಕೂಲಿನ ಪ್ರಕರಣ. 1983ರ ಏಪ್ರಿಲ್‌ನಲ್ಲಿ ಮ್ಯಾಥ್ಯೂ ಫ್ರೇಸರ್ ಎಂಬ ವಿದ್ಯಾರ್ಥಿ, ಚುನಾವಣೆಗೆ ನಿಂತ ಗೆಳೆಯನ ಪರವಾಗಿ ಸುಮಾರು 600 ವಿದ್ಯಾರ್ಥಿಗಳ ಸಭೆಯಲ್ಲಿ ದ್ವಂದ್ವಾರ್ಥದ ಭಾಷಣ ಮಾಡಿದ. ಶಾಲೆ ಅವನನ್ನು ಮೂರು ದಿನ ಅಮಾನತುಗೊಳಿಸಿತು. ಪದವಿ ಸಮಾರಂಭದ ಭಾಷಣಕಾರರ ಪಟ್ಟಿಯಿಂದಲೂ ಹೆಸರು ಕೈಬಿಟ್ಟಿತು. ಸಹಪಾಠಿಗಳು ಮತಪತ್ರದಲ್ಲಿ ಅವನ ಹೆಸರನ್ನು ತಾವೇ ಬರೆದು ಆರಿಸಿದರು. ಕೆಳ ನ್ಯಾಯಾಲಯಗಳು ಫ್ರೇಸರ್‌ನನ್ನು ಎತ್ತಿಹಿಡಿದವು. ಸುಪ್ರೀಂ ಕೋರ್ಟ್ ಮಾತ್ರ 1986ರಲ್ಲಿ 7–2 ಬಹುಮತದಿಂದ ಶಾಲೆಯ ಪರ ತೀರ್ಪಿತ್ತಿತು. ಶಾಲಾ ಸಭೆಯಲ್ಲಿ ಅಶ್ಲೀಲ ಮಾತಿಗೆ ದಂಡನೆ ವಿಧಿಸುವ ಅಧಿಕಾರ ಶಾಲೆಗಿದೆ ಎಂಬುದು ಅದರ ಸಾರಾಂಶ. ವಿಯೆಟ್ನಾಂ ಯುದ್ಧ ವಿರೋಧಿಸಿ ಕಪ್ಪುಪಟ್ಟಿ ಧರಿಸಿದ್ದ ವಿದ್ಯಾರ್ಥಿಗಳ ಪರವಾಗಿ 1969ರಲ್ಲಿ ಇದೇ ನ್ಯಾಯಾಲಯ ತೀರ್ಪು ನೀಡಿತ್ತು ಎಂಬುದನ್ನೂ ಇಲ್ಲಿ ನೆನೆಯಬೇಕು.

ಪಾಲಕರು ತಿಳಿದಿರಬೇಕಾದುದು

ಈ ಪ್ರಕರಣಗಳು ಕಲಿಸುವ ಪಾಠ ಸರಳ. ಶಿಕ್ಷಕರು ಆರಿಸಲಿ, ಸಹಪಾಠಿಗಳು ಆರಿಸಲಿ, ಅಳತೆಗೋಲು ಬರಹದಲ್ಲಿ ಇರಬೇಕು ಮತ್ತು ಎಲ್ಲರಿಗೂ ಒಂದೇ ಆಗಿರಬೇಕು. ಆನರ್ ಸೊಸೈಟಿಯ ನಿಯಮದಂತೆ, ಸದಸ್ಯನನ್ನು ವಜಾ ಮಾಡುವ ಮೊದಲು ನೋಟಿಸ್ ನೀಡಿ ಅವನ ಅಹವಾಲು ಕೇಳುವುದು ಕಡ್ಡಾಯ. ಆಯ್ಕೆಯೇ ಆಗದವರಿಗೆ ಈ ರಕ್ಷಣೆ ಇಲ್ಲ. ಅವರು ಶಾಲೆಯ ಬಾಗಿಲನ್ನೇ ತಟ್ಟಬೇಕು. ಆದ್ದರಿಂದ ಶಾಲೆಯ ಘಟಕದ ಲಿಖಿತ ನಿಯಮಾವಳಿಯನ್ನು ಆಯ್ಕೆಗೆ ಮುನ್ನವೇ ಕೇಳಿ ಪಡೆದು, ‘ಶೀಲ’ವನ್ನು ಯಾರು, ಯಾವ ಆಧಾರದ ಮೇಲೆ ಅಳೆಯುತ್ತಾರೆ ಎಂದು ವಿಚಾರಿಸಿಕೊಳ್ಳುವುದು ಒಳಿತು.