ಗೋಡೆ ಹಿಡಿದು ಈಜುವ ಇ. ಕೋಲೈ

ಗಾಜಿನ ಪಟ್ಟಿಯ ಮೇಲೆ ಅಂಟಿಸಿದ ಸಿಲಿಕೋನ್ ರಬ್ಬರಿನ ತುಣುಕು. ಅದರೊಳಗೆ ಕೆಲವೇ ಮೈಕ್ರಾನ್ ಅಗಲದ ಕಾಲುವೆ. ಇ. ಕೋಲೈ ಬ್ಯಾಕ್ಟೀರಿಯಾ ಇರುವ ದ್ರವವನ್ನು ಅದಕ್ಕೆ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮೊದಲು ಕಾಣುವುದು ಬರೀ ಗಡಿಬಿಡಿ. ಎರಡು ಮೈಕ್ರಾನ್ ಉದ್ದದ ಕಡ್ಡಿಗಳು ಒಂದು ಸೆಕೆಂಡಿನಷ್ಟು ಹೊತ್ತು ನೆಟ್ಟಗೆ ಓಡಿ, ಥಟ್ಟನೆ ಲಾಗ ಹಾಕಿ, ಬೇರೆ ದಿಕ್ಕಿಗೆ ಹೊರಡುತ್ತವೆ. ಕಣ್ಣು ಪಳಗಿದ ಮೇಲೆ ಇನ್ನೊಂದು ಸಂಗತಿ ಗೊತ್ತಾಗುತ್ತದೆ: ಗೋಡೆಗೆ ತಾಗಿದ ಕಡ್ಡಿ ಬೇಗ ಹಿಂದಿರುಗುವುದಿಲ್ಲ, ಅದರ ಗುಂಟವೇ ಸಾಗುತ್ತದೆ.

ಇವುಗಳ ಬಾಲ ಬಡಿಯುವುದಿಲ್ಲ, ತಿರುಗುತ್ತದೆ. ಹೋವರ್ಡ್ ಬರ್ಗ್ ಮತ್ತು ರಾಬರ್ಟ್ ಆಂಡರ್ಸನ್ 1973ರಲ್ಲೇ ಇದನ್ನು ವಾದಿಸಿದ್ದರು. ಬುಡದ ಪ್ರೋಟೀನ್ ಮೋಟಾರು ಸೆಕೆಂಡಿಗೆ ನೂರರಷ್ಟು ಸುತ್ತು ಹೊಡೆಯುತ್ತದೆ. ಅಷ್ಟು ಸಣ್ಣ ದೇಹಕ್ಕೆ ನೀರೂ ಜೋನಿಬೆಲ್ಲದಂತೆ. ಮೋಟಾರು ನಿಂತರೆ ಒಂದು ಪರಮಾಣುವಿನ ಅಗಲದಷ್ಟೂ ಮುಂದೆ ಜಾರಲಾರದು ಎಂದು ಎಡ್ವರ್ಡ್ ಪರ್ಸೆಲ್ 1977ರಲ್ಲಿ ಲೆಕ್ಕ ಹಾಕಿ ತೋರಿಸಿದರು.

ಬಾಲ ಒಂದು ಕಡೆಗೆ ತಿರುಗಿದರೆ ದೇಹ ಅದಕ್ಕೆ ಎದುರು ದಿಕ್ಕಿಗೆ ಹೊರಳಲೇಬೇಕು. ತಳದ ಹತ್ತಿರ ಈಜುವಾಗ ಈ ಎರಡು ಹೊರಳಾಟ ಸೇರಿ ದಾರಿಯನ್ನು ಬಲಕ್ಕೆ ಬಾಗಿಸುತ್ತವೆ. 2005ರಲ್ಲಿ ಹಾರ್ವರ್ಡ್ ವಿಜ್ಞಾನಿಗಳು ಅಗರ್ ಎಂಬ ಜೆಲ್ಲಿಯ ತಳ, ಸಿಲಿಕೋನ್ ಚಾವಣಿಯ ಕಾಲುವೆ ಮಾಡಿ ನೋಡಿದಾಗ ಇ. ಕೋಲೈ ಹೆಚ್ಚಾಗಿ ಬಲಬದಿ ಹಿಡಿದೇ ಸಾಗಿದವು. ಮಿದುಳಿಲ್ಲದ ಜೀವಿಗೆ ದಾರಿ ತೋರಿಸಿದ್ದು ಅದರದೇ ಹೊರಳಾಟ ಮತ್ತು ಕಾಲುವೆಯ ತಳ, ಗೋಡೆಗಳು! ನಾಲ್ಕು ವರ್ಷದ ನಂತರ, ಲೇವನ್‌ಹುಕ್ ಬ್ಯಾಕ್ಟೀರಿಯಾಗಳನ್ನು ಮೊದಲು ಕಂಡ ಡೆಲ್ಫ್ಟ್ ಊರಿನಲ್ಲೇ, ತಮ್ಮ ದಪ್ಪಕ್ಕಿಂತ ಶೇ 30ರಷ್ಟು ಮಾತ್ರ ಹೆಚ್ಚು ಅಗಲವಾದ ಸಂದಿಯಲ್ಲೂ ಇವು ಈಜುವುದು ಕಂಡುಬಂತು.

ಇದು ಪ್ರಯೋಗಾಲಯದ ಕುತೂಹಲಕ್ಕಷ್ಟೇ ಸೀಮಿತವಲ್ಲ. ರೋಗಿಗೆ ಹಾಕಿದ ಮೂತ್ರದ ಕ್ಯಾಥೆಟರ್ ಕೂಡ ಒಂದು ಕಾಲುವೆಯೇ. ಮೂತ್ರ ಕೆಳಗೆ ಇಳಿಯುತ್ತದೆ. ಆದರೆ ಗೋಡೆಯ ಹತ್ತಿರ ಹರಿವು ನಿಧಾನ, ಅಲ್ಲಿ ಬ್ಯಾಕ್ಟೀರಿಯಾಗಳ ಮೂತಿ ಹರಿವಿಗೆ ಎದುರಾಗಿ ತಿರುಗುತ್ತದೆ. ಹಾಗೆ ಗೋಡೆ ಹಿಡಿದು ಮೇಲೇರಿ ಸೋಂಕು ತರುತ್ತವೆ. ಅಮೆರಿಕದ ಕ್ಯಾಲ್‌ಟೆಕ್ ತಂಡ ಕ್ಯಾಥೆಟರಿನ ಒಳಗೋಡೆಗೆ ತ್ರಿಕೋನಾಕಾರದ ಏಣುಗಳನ್ನು ಕೂರಿಸಿ ಈ ದಾರಿಯನ್ನೇ ಕೆಡಿಸಿತು. ಏಣುಗಳ ಅಳತೆಯನ್ನು ಕೃತಕ ಬುದ್ಧಿಮತ್ತೆಯಿಂದ ಹೊಂದಿಸಿದವರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅನಿಮಾ ಆನಂದಕುಮಾರ್ ಒಬ್ಬರು. 2024ರಲ್ಲಿ ಪ್ರಕಟವಾದ ಪ್ರಯೋಗಾಲಯದ ಫಲಿತಾಂಶದಲ್ಲಿ, ಮೇಲೇರಿದ ಬ್ಯಾಕ್ಟೀರಿಯಾ ನೂರು ಪಟ್ಟು ಕಡಿಮೆಯಾಗಿತ್ತು.

ಇದಕ್ಕೆ ಒಂದು ಹನಿ ಔಷಧಿಯೂ ಬೇಕಾಗಲಿಲ್ಲ. ಆಂಟಿಬಯಾಟಿಕ್‌ಗಳು ಒಂದೊಂದಾಗಿ ಸೋಲುತ್ತಿರುವ ಈ ಕಾಲದಲ್ಲಿ ನಮ್ಮ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳು ಒಟ್ಟಿಗೆ ಕೂತು ಮಾಡಬೇಕಾದ ಕೆಲಸ ಇದು.